ನಾಗಂದಿಗೆಯ ಜಾಡಿ ಕೈಗೆಟುಕದಿದ್ದರೆ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪತ್ರಗಳ ಜೊತೆ ಲ್ಯಾಬ್ ರಿಪೋರ್ಟಿನ ಫೋಟೊ ಇದೆ. ದಪ್ಪ ಅಕ್ಷರದಲ್ಲಿ ಅಚ್ಚಾದ ಸಂಖ್ಯೆಗೆ ಪೆನ್ನಿನಲ್ಲಿ ಸುತ್ತು ಹಾಕಿ "ಇದೇನು ಡಾಕ್ಟ್ರೇ?" ಎಂದು ಕೇಳಿದ್ದೀರಿ. ಉಳಿದವರು ವಾಟ್ಸಾಪಿನಲ್ಲಿ ಬಂದ "ಹೊಸ ಸಂಶೋಧನೆ"ಗಳನ್ನು ಕಳಿಸಿದ್ದೀರಿ. ಒಂದೇ ಸುದ್ದಿ ಹನ್ನೊಂದು ಜನರಿಂದ ಬಂದಿದೆ! ಶಿವಮೊಗ್ಗದಲ್ಲಿ ಹಾರ್ಮೋನು ಕಾಯಿಲೆಗಳನ್ನು ನೋಡುತ್ತಾ ನನಗೆ 27 ವರ್ಷವಾಯಿತು. ಥೈರಾಯ್ಡ್, ಸಕ್ಕರೆ, ಮೂಳೆ ಮೂರೂ ಬೇರೆ ಬೇರೆ ಡಾಕ್ಟರಿಗೆ ಸೇರಿದ್ದು ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಮೇಜಿಗೆ ಅವು ಸಾಮಾನ್ಯವಾಗಿ ಕೈ ಕೈ ಹಿಡಿದುಕೊಂಡೇ ಬರುತ್ತವೆ. ಅದಕ್ಕೇ ಈ ಸಲ ಮೂರನ್ನೂ ಒಟ್ಟಿಗೆ ಹಾಕಿದ್ದೇನೆ.

ಪ್ರಶ್ನೆ: ನನಗೆ 54 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ಮಗಳು ಹಟ ಹಿಡಿದಳು ಅಂತ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಟಿ ಸ್ಕೋರ್ ಮೈನಸ್ 1.9, 'ಆಸ್ಟಿಯೋಪೀನಿಯಾ' ಎಂದು ಬರೆದಿದ್ದಾರೆ. ನೋವೇನೂ ಇಲ್ಲ. ಹತ್ತು ವರ್ಷಕ್ಕೆ ಒಂದೇ ಇಂಜೆಕ್ಷನ್ ಸಾಕು ಅಂತ ನ್ಯೂಜಿಲೆಂಡಿನಲ್ಲಿ ಕಂಡುಹಿಡಿದಿದ್ದಾರಂತೆ. ನಾನೂ ತಗೊಳ್ಳಲಾ?
– ಗೃಹಿಣಿ, ತಿಪಟೂರು

ಉತ್ತರ: ಹನ್ನೊಂದು ಜನ ಕಳಿಸಿದ ಸುದ್ದಿ ಇದೇ. ಒಂದು ಮಟ್ಟಿಗೆ ಸುದ್ದಿ ನಿಜ. ಆದರೆ ವಾಟ್ಸಾಪಿಗೆ ಬರುವಷ್ಟರಲ್ಲಿ ಸ್ವಲ್ಪ ಉಬ್ಬಿದೆ.

ಮೊದಲು ಮೈನಸ್ 1.9ರ ವಿಷಯ. ಡೆಕ್ಸಾ ಅಂದರೆ ಮೂಳೆ ಎಷ್ಟು ಸಾಂದ್ರವಾಗಿದೆ ಎಂದು ಅಳೆಯುವ ಸ್ಕ್ಯಾನ್. 30 ವರ್ಷದ ಹೆಂಗಸಿನ ಮೂಳೆ ಸಾಂದ್ರತೆಯ ಪಕ್ಕದಲ್ಲಿ ನಿಮ್ಮದನ್ನು ಇಟ್ಟು ನೋಡಿದ ಲೆಕ್ಕ ಅದು. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ, ಮೈನಸ್ 2.5 ಮತ್ತು ಅದರ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿ ಸುಲಭಕ್ಕೆ ಮುರಿಯುವ ಕಾಯಿಲೆ. 54ರ ನಿಮ್ಮನ್ನು 30ರವಳ ಜೊತೆ ನಿಲ್ಲಿಸಿದರೆ ಕಡಿಮೆ ಬರದೆ ಇನ್ನೇನು? ಹಾಗಾಗಿ ಆಸ್ಟಿಯೋಪೀನಿಯಾ ಅನ್ನುವುದು ಕಾಯಿಲೆಯ ಹೆಸರಲ್ಲ. 'ಇಲ್ಲಿಂದ ಗಮನ ಇರಲಿ' ಎನ್ನುವ ಬೋರ್ಡು ಅಷ್ಟೇ.

ಮೂಳೆ ಕಲ್ಲುಕಂಬ ಅಲ್ಲ. ಅದು ಸದಾ ರಿಪೇರಿ ನಡೆಯುತ್ತಿರುವ ಹಳೇ ಮನೆ. ಒಂದು ಗುಂಪಿನ ಕೋಶಗಳು ಹಳೆಯದನ್ನು ಕೆಡವುತ್ತಾ ಹೋಗುತ್ತವೆ, ಇನ್ನೊಂದು ಗುಂಪು ಹಿಂದಿನಿಂದ ಕಟ್ಟುತ್ತಾ ಬರುತ್ತದೆ. ಈಸ್ಟ್ರೋಜನ್ ಅಲ್ಲಿಯ ಮೇಸ್ತ್ರಿ. ಕೆಡವುವವರನ್ನು ಹದ್ದುಬಸ್ತಿನಲ್ಲಿ ಇಡುವುದು ಅದರ ಕೆಲಸ. ಮುಟ್ಟು ನಿಂತಾಗ ಮೇಸ್ತ್ರಿ ಕೆಲಸ ಬಿಟ್ಟು ಹೋದ ಹಾಗೆ. ಮೊದಲ ಕೆಲವು ವರ್ಷ ಕೆಡವುವ ಕೆಲಸ ಭರದಿಂದ ಸಾಗುತ್ತದೆ, ಕಟ್ಟುವವರು ಹಿಂದೆ ಬೀಳುತ್ತಾರೆ.

ನ್ಯೂಜಿಲೆಂಡಿನವರು ಕೈ ಹಾಕಿದ್ದು ಸರಿಯಾಗಿ ಈ ಹೊತ್ತಿಗೆ. ಮುಟ್ಟು ನಿಂತ, 50ರಿಂದ 60ರೊಳಗಿನ 1,054 ಹೆಂಗಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಜೊಲೆಡ್ರೊನೇಟ್ ಎಂಬ ಔಷಧವನ್ನು ಶುರುವಿನಲ್ಲಿ ಒಮ್ಮೆ, ಐದು ವರ್ಷಕ್ಕೆ ಇನ್ನೊಮ್ಮೆ ಡ್ರಿಪ್ಪಿನಲ್ಲಿ ಕೊಟ್ಟರು. ಎರಡನೇ ಗುಂಪಿಗೆ ಶುರುವಿನಲ್ಲಿ ಮಾತ್ರ. ಮೂರನೆಯವರಿಗೆ ಬರೀ ಸಲೈನ್. ಹತ್ತು ವರ್ಷದ ನಂತರ ಎಲ್ಲರ ಬೆನ್ನುಮೂಳೆಯ ಎಕ್ಸ್‌ರೇ ತೆಗೆದು ನೋಡಿದರು. ಸಲೈನ್ ಗುಂಪಿನಲ್ಲಿ ನೂರಕ್ಕೆ 11.1 ಜನರ ಬೆನ್ನುಮೂಳೆ ಹೊಸದಾಗಿ ಕುಸಿದಿತ್ತು. ಎರಡು ಸಲ ತಗೊಂಡವರಲ್ಲಿ 6.3, ಒಂದೇ ಸಲ ತಗೊಂಡವರಲ್ಲಿ 6.6. ಫಲಿತಾಂಶ 2025ರ ಜನವರಿಯಲ್ಲಿ ಅಚ್ಚಾಯಿತು.

ಒಂದು ಡ್ರಿಪ್ಪಿಗೂ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಫಲ! ನನಗೆ ಬೆರಗಾಗಿದ್ದು ಅದಕ್ಕೆ. ಆ ಔಷಧ ಮೂಳೆಗೆ ಅಂಟಿಕೊಂಡು ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಆದರೆ ಲೆಕ್ಕವನ್ನು ತಿರುಗಿಸಿಯೂ ನೋಡಿ. ನೂರು ಜನ ತಗೊಂಡರೆ ಹತ್ತು ವರ್ಷದಲ್ಲಿ ಲಾಭವಾಗುವುದು ಸುಮಾರು ಐದು ಜನರಿಗೆ. ಮಿಕ್ಕವರು ತಗೊಳ್ಳದಿದ್ದರೂ ನಡೆಯುತ್ತಿತ್ತು. ಆ ಐವರಲ್ಲಿ ನೀವು ಒಬ್ಬರಾ? ಅದು ತಿಳಿಯಬೇಕಾದರೆ ಸ್ಕ್ಯಾನಿನ ಆಚೆಗೆ ಕೆಲವು ಪ್ರಶ್ನೆ ಕೇಳಬೇಕು. ತೂಕ ತೀರಾ ಕಡಿಮೆಯಾ? ಸಣ್ಣಗೆ ಬಿದ್ದಿದ್ದಕ್ಕೇ ಮಣಿಕಟ್ಟು ಮುರಿದಿತ್ತಾ? ಉಬ್ಬಸಕ್ಕೋ ಕೀಲುನೋವಿಗೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದ್ದೀರಾ? 'ನಾಟಿ ಪುಡಿ' ಎಂದು ಕೊಟ್ಟಿದ್ದರಲ್ಲಿ ಸ್ಟೀರಾಯ್ಡ್ ಇದ್ದದ್ದನ್ನು ನಾನು ಒಂದಲ್ಲ, ಹತ್ತು ಸಲ ನೋಡಿದ್ದೇನೆ. ಎತ್ತರ ಕಡಿಮೆಯಾಗಿದೆಯಾ? ತಾಯಿಗೋ ತಂದೆಗೋ ಸೊಂಟದ ಮೂಳೆ ಮುರಿದಿತ್ತಾ?

ಕೊನೆಯ ಎರಡು ಪ್ರಶ್ನೆಗಳನ್ನು ನಾನು ಕಲಿತಿದ್ದು ಪುಸ್ತಕದಿಂದ ಅಲ್ಲ. ಸಾಗರದ ಹತ್ತಿರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಒಂದು ನಾಗಂದಿಗೆ ಇದೆ. ಅದರ ಮೇಲೆ ಮಿಡಿ ಉಪ್ಪಿನಕಾಯಿಯ ಜಾಡಿ. ನನ್ನ ನೆನಪಿನ ಉದ್ದಕ್ಕೂ ಅಮ್ಮ ಅದನ್ನು ತಾವೇ ಇಳಿಸುತ್ತಿದ್ದರು. 2014ರ ಬೇಸಿಗೆ ರಜೆಯಲ್ಲಿ ಹೋದಾಗ "ಸ್ವಲ್ಪ ಜಾಡಿ ಇಳಿಸಿಕೊಡೇ, ಕೈಗೆ ಸಿಗ್ತಿಲ್ಲ" ಎಂದರು. ಇಳಿಸಿಕೊಟ್ಟೆ. ಅದೇ ದಿನ ಸಂಜೆ ಸೀರೆಯ ನೆರಿಗೆ ನೆಲಕ್ಕೆ ತಾಗುತ್ತಿದೆ ಅಂತ ಎರಡೆರಡು ಸಲ ಎತ್ತಿ ಸಿಕ್ಕಿಸಿಕೊಂಡರು. "ವಯಸ್ಸಾಯ್ತು ನಿಂಗೆ" ಎಂದು ನಗಾಡಿದೆ. ಹಾರ್ಮೋನು ಡಾಕ್ಟರ್ ನಾನು! ಬೇರೆಯವರ ಅಮ್ಮಂದಿರನ್ನು ಅಳತೆಪಟ್ಟಿಗೆ ಒರಗಿಸಿ ನಿಲ್ಲಿಸುವವಳು. ನನ್ನ ಅಮ್ಮ ಗಿಡ್ಡ ಆಗಿದ್ದು ಕಣ್ಣಿಗೆ ಬೀಳಲಿಲ್ಲ. 2016ರ ಮಳೆಗಾಲದಲ್ಲಿ ಬಚ್ಚಲಿನ ಮೆಟ್ಟಿಲಿನಲ್ಲಿ ಜಾರಿದರು, ಸೊಂಟ ಮುರಿಯಿತು. ಆಗ ಅವರಿಗೆ 76. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಎರಡು ಮಣಿಗಳು ಮೊದಲೇ ಕುಸಿದು ಬೆಣೆಯ ಆಕಾರಕ್ಕೆ ಬಂದಿದ್ದವು. ಹಳೇ ಮುರಿತ. ಜಾಡಿ ಸಿಗದಿದ್ದದ್ದು ಅದಕ್ಕೆ, ನೆರಿಗೆ ಎಳೆದದ್ದೂ ಅದಕ್ಕೆ. ಆಪರೇಷನ್ ಆಯಿತು, ವಾಕರ್ ಹಿಡಿದು ಮನೆಯೊಳಗೆ ನಡೆದರು. ತೋಟಕ್ಕೆ ಮಾತ್ರ ಮತ್ತೆ ಇಳಿಯಲಿಲ್ಲ.

ಹಾಗಾಗಿ ತಾಯಿಯ ಸೊಂಟ ಮುರಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಕಳೆದ ವರ್ಷ, 57ಕ್ಕೆ, ಸ್ಕ್ಯಾನ್ ಮಾಡಿಸಿದೆ. ಮೈನಸ್ 2.1 ಬಂತು. ಡ್ರಿಪ್ ತಗೊಂಡೆ. ಆ ರಾತ್ರಿ ಜ್ವರ, ಮೈಕೈ ನೋವು. ಮೊದಲ ಸಲ ಹಾಗಾಗುವುದು ಸಾಮಾನ್ಯ, ಎರಡು ದಿನದಲ್ಲಿ ಸರಿಹೋಯಿತು. ನಿಮ್ಮ ಮನೆಯಲ್ಲಿ ಯಾರಿಗೂ ಮೂಳೆ ಮುರಿದಿಲ್ಲ, ತೂಕ ಚೆನ್ನಾಗಿದೆ, ಎತ್ತರ ಅಷ್ಟೇ ಇದೆ ಅಂದರೆ ನಾನು ನಿಮಗೆ ಈಗಲೇ ಡ್ರಿಪ್ ಹಾಕಲು ಆತುರಪಡುವುದಿಲ್ಲ. ಹಾಕಿಸುವುದೇ ಆದರೆ ಮೊದಲು ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಸಿ. ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಿಬಿಡಿ. ಅಪರೂಪಕ್ಕೆ ಈ ಔಷಧದಿಂದ ದವಡೆ ಮೂಳೆಗೆ ತೊಂದರೆಯಾಗುತ್ತದೆ.

ಇನ್ನೊಂದು ಮಾತು. ಜಾತ್ರೆಯಲ್ಲಿ, ಕ್ಯಾಂಪಿನಲ್ಲಿ ಹಿಮ್ಮಡಿಯನ್ನು ಮೆಷಿನ್ನಿನೊಳಗೆ ಇಟ್ಟು ಹೇಳುವ ಸಂಖ್ಯೆಯನ್ನು ನಂಬಿ ಔಷಧ ಶುರು ಮಾಡಬೇಡಿ.

ಪ್ರಶ್ನೆ: ವಯಸ್ಸು 67. ವಿಟಮಿನ್ ಡಿ 14 ಬಂದಿದೆ. ವಾಕಿಂಗ್ ಗೆಳೆಯರೆಲ್ಲ 6 ಲಕ್ಷ ಯೂನಿಟ್ಟಿನ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ, 'ವರ್ಷಕ್ಕೊಂದು ಸಾಕು, ತಲೆನೋವಿಲ್ಲ' ಅನ್ನುತ್ತಾರೆ. ನಾನು ದಿನಾ ಬೆಳಗ್ಗೆ ಆರೂವರೆಗೆ ಎಳೆಬಿಸಿಲಿನಲ್ಲಿ ನಡೆಯುತ್ತೇನೆ. ಆದರೂ ಹೀಗೇಕೆ?
– ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉತ್ತರ: ಎಳೆಬಿಸಿಲು ಮನಸ್ಸಿಗೆ ಒಳ್ಳೆಯದು, ವಿಟಮಿನ್ ಡಿಗೆ ಅಷ್ಟಕ್ಕಷ್ಟೇ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣ ಓರೆ ಬಿಸಿಲಿನಲ್ಲಿ ನೆಲಕ್ಕೆ ಮುಟ್ಟುವುದೇ ಕಡಿಮೆ. ಬಿಸಿಲು ನೆತ್ತಿಗೆ ಹತ್ತಿರ ಬಂದ ಹೊತ್ತಿನಲ್ಲಿ, ತೋಳು ಕಾಲು ಬರಿದು ಬಿಟ್ಟು ಸ್ವಲ್ಪ ಹೊತ್ತು ನಿಂತರೆ ಕೆಲಸವಾಗುತ್ತದೆ. ನೀವು ಸ್ವೆಟರ್, ಮಫ್ಲರ್ ಹಾಕಿಕೊಂಡು ಕುಕ್ಕರಹಳ್ಳಿ ಕೆರೆ ಸುತ್ತಿದರೆ ಅದಕ್ಕೇನು ಸಿಗುತ್ತದೆ, ಹೇಳಿ?

14 ಅಂದರೆ ಕಡಿಮೆಯೇ. ಸರಿಪಡಿಸಬೇಕು. ಆದರೆ ವರ್ಷದ್ದನ್ನೆಲ್ಲ ಒಂದೇ ಏಟಿಗೆ ಸುರಿಯುವುದು ಬೇಡ. ಇದನ್ನು ಆಸ್ಟ್ರೇಲಿಯಾದವರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 70 ದಾಟಿದ 2,256 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟರು. ಬೀಳುವುದು ಕಡಿಮೆಯಾಗುತ್ತದೆ, ಮೂಳೆ ಮುರಿಯುವುದು ತಪ್ಪುತ್ತದೆ ಎಂದು ಅವರ ನಿರೀಕ್ಷೆ. 2010ರಲ್ಲಿ ಬಂದ ಫಲಿತಾಂಶ ಪೂರಾ ಉಲ್ಟಾ. ವಿಟಮಿನ್ ತಗೊಂಡವರೇ 15 ಶೇಕಡಾ ಜಾಸ್ತಿ ಬಿದ್ದರು, 26 ಶೇಕಡಾ ಜಾಸ್ತಿ ಮೂಳೆ ಮುರಿದುಕೊಂಡರು. ಅದರಲ್ಲೂ ಡೋಸ್ ತಗೊಂಡ ಮೊದಲ ಮೂರು ತಿಂಗಳಲ್ಲೇ ಬಿದ್ದವರು ಹೆಚ್ಚು.

'ಹಾಗಾದರೆ ದಿನಾ ಸ್ವಲ್ಪ ಸ್ವಲ್ಪ ತಗೊಂಡರೆ ಮೂಳೆ ಗಟ್ಟಿಯಾಗುತ್ತದಾ?' ಅಂತ ಮುಂದಿನ ಪ್ರಶ್ನೆ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಎಂಬ ಅಧ್ಯಯನದಲ್ಲಿ ದಿನಕ್ಕೆ 2,000 ಯೂನಿಟ್ ಕೊಟ್ಟು ಐದು ವರ್ಷ ನೋಡಿದರು. ಮೂಳೆ ಮುರಿತ ಕಡಿಮೆಯಾಗಲಿಲ್ಲ. ಇದನ್ನು ಓದಿ ಕೆಲವರು 'ವಿಟಮಿನ್ ಡಿ ದಂಡ' ಎಂದು ಬರೆದರು. ಅದೂ ತಪ್ಪು. ಆ ಜನರಲ್ಲಿ ಹೆಚ್ಚಿನವರಿಗೆ ಕೊರತೆಯೇ ಇರಲಿಲ್ಲ. ತುಂಬಿದ ಹಂಡೆಗೆ ನೀರು ಹೊಯ್ದರೆ ಹೊರಗೆ ಚೆಲ್ಲುತ್ತದೆ ಅಷ್ಟೇ. ನಿಮ್ಮ ಹಂಡೆ ಅರ್ಧ ಖಾಲಿ. ನೀವು ತುಂಬಿಸಿಕೊಳ್ಳಿ. ಕೆಲವು ವಾರ ಚಿಕಿತ್ಸೆಯ ಡೋಸ್, ಆಮೇಲೆ ದಿನಕ್ಕೊಂದು ಸಣ್ಣ ಡೋಸ್. ನಿಮ್ಮ ಡಾಕ್ಟರೇ ಬರೆದುಕೊಡುತ್ತಾರೆ. ಅಂದ ಹಾಗೆ, ಆರೋಗ್ಯವಾಗಿರುವವರು ಸುಮ್ನೆ ಈ ಪರೀಕ್ಷೆ ಮಾಡಿಸುತ್ತಾ ಕೂರಬೇಕಿಲ್ಲ ಎಂದು ಅಮೆರಿಕದ ಎಂಡೊಕ್ರೈನ್ ಸೊಸೈಟಿ 2024ರಲ್ಲೇ ಹೇಳಿದೆ. ನಮ್ಮ ಪ್ಯಾಕೇಜ್ ಲ್ಯಾಬುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

60 ಸಾವಿರ ಯೂನಿಟ್ಟಿನ ಪೊಟ್ಟಣ ಬರೆದುಕೊಟ್ಟರೆ 'ವಾರಕ್ಕೊಂದು' ಎನ್ನುವುದನ್ನು ದಪ್ಪಗೆ ಬರೆಸಿಕೊಳ್ಳಿ. ಒಬ್ಬ ಹಿರಿಯರು ಅದನ್ನು ಎರಡು ತಿಂಗಳು ದಿನಾ ಬೆಳಗಿನ ಹಾಲಿಗೆ ಬೆರೆಸಿ ಕುಡಿದಿದ್ದರು. ರುಚಿಯೂ ಚೆನ್ನಾಗಿತ್ತಂತೆ. ಮಲಬದ್ಧತೆ, ವಿಪರೀತ ಬಾಯಾರಿಕೆ, ಆಮೇಲೆ ಮಾತು ತಪ್ಪತೊಡಗಿತು. ಮನೆಯವರು ಅರಳುಮರಳು ಅಂದುಕೊಂಡು ಕರೆತಂದರು. ರಕ್ತದ ಕ್ಯಾಲ್ಸಿಯಂ 14 ಇತ್ತು, ಹತ್ತರ ಸುತ್ತಮುತ್ತ ಇರಬೇಕಾದದ್ದು. ಕ್ಯಾಲ್ಸಿಯಂ ಇಳಿದ ಮೇಲೆ ಮೊಮ್ಮಗನ ಜೊತೆ ಚೌಕಾಬಾರ ಆಡುವಷ್ಟು ಚುರುಕಾದರು.

ಪ್ರಶ್ನೆ: ನನಗೆ 23. ತೂಕ 41 ಕೆಜಿ. ಸಣ್ಣವನಿದ್ದಾಗಿನಿಂದಲೂ ಹೀಗೇ. ಹೋದ ವರ್ಷ ಸಕ್ಕರೆ 380 ಬಂತು. ಇನ್ಸುಲಿನ್ ಹಾಕಿಕೊಳ್ಳುತ್ತಿದ್ದೇನೆ. ಒಂದಿನ ತಪ್ಪಿದರೂ ಏನೂ ಆಗಲಿಲ್ಲ. 'ಟೈಪ್ 1 ಇರಬೇಕು' ಎಂದರು ಒಬ್ಬರು, 'ಇಲ್ಲ, 2' ಎಂದರು ಇನ್ನೊಬ್ಬರು. ಟೈಪ್ 5 ಅಂತಲೂ ಇದೆಯಂತೆ. ನೆಂಟರು ಮಾತ್ರ 'ಇಷ್ಟು ಬಡಕಲು ಇದ್ದವನಿಗೆ ಶುಗರ್ ಹೆಂಗ ಬಂತು, ಕದ್ದು ಸಿಹಿ ತಿಂದಿ ಏನು' ಅಂತಾರೆ.
– ಯಲಬುರ್ಗಾ

ಉತ್ತರ: ನೆಂಟರ ಮಾತು ಬಿಟ್ಟುಬಿಡಿ. ಸಿಹಿ ತಿಂದು ಬಂದ ಕಾಯಿಲೆ ಅಲ್ಲ ಇದು. ಚಿಕ್ಕಂದಿನಲ್ಲಿ ಹೊಟ್ಟೆ ತುಂಬ ಉಣ್ಣಲು ಸಿಗದಿದ್ದರಿಂದ ಬಂದಿದ್ದಿರಬಹುದು.

ಟೈಪ್ 5 ಎಂಬ ಹೆಸರು ಹೊಸದು, ಕಾಯಿಲೆ ಹಳೆಯದು. 1955ರಲ್ಲಿ ಜಮೈಕಾದ ಡಾಕ್ಟರೊಬ್ಬರು ಟೈಪ್ 1 ಮತ್ತು 2 ಎರಡಕ್ಕೂ ಹೊಂದದ ಬಡಕಲು ರೋಗಿಗಳ ಬಗ್ಗೆ ಬರೆದರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಅಪೌಷ್ಟಿಕತೆಯ ಮಧುಮೇಹ' ಎಂದು ಪಟ್ಟಿಗೆ ಸೇರಿಸಿತು. 1999ರಲ್ಲಿ ಪುರಾವೆ ಸಾಲದು ಎಂದು ಕೈಬಿಟ್ಟಿತು. ನಾನು ಓದುವ ಕಾಲದಲ್ಲಿ ಪುಸ್ತಕದಲ್ಲಿದ್ದ ಕಾಯಿಲೆ, ಕೆಲಸಕ್ಕೆ ಸೇರುವಷ್ಟರಲ್ಲಿ ಮಾಯ! ಪುಸ್ತಕದಿಂದ ಹೋದರೂ ಓಪಿಡಿಯಿಂದ ಹೋಗಲಿಲ್ಲ. ನಿಮ್ಮಂಥ ಹುಡುಗರು ಬರುತ್ತಲೇ ಇದ್ದರು. ನಾವು ಅವರನ್ನು 1ಕ್ಕೋ 2ಕ್ಕೋ ತುರುಕುತ್ತಿದ್ದೆವು.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಮತ್ತು ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನವರು ಸೇರಿ ಇಂಥವರನ್ನು ಕೂಲಂಕಷವಾಗಿ ಅಳೆದು 2022ರಲ್ಲಿ ಬರೆದರು. ಟೈಪ್ 1ರವರ ಹಾಗೆ ಇವರಲ್ಲಿ ಇನ್ಸುಲಿನ್ ಪೂರ್ತಿ ಬತ್ತಿರುವುದಿಲ್ಲ, ಕಡಿಮೆಯಾಗಿರುತ್ತದೆ. ಟೈಪ್ 2ರವರ ಹಾಗೆ ಇನ್ಸುಲಿನ್ ಇದ್ದೂ ದೇಹ ಮಾತು ಕೇಳದ ಸ್ಥಿತಿಯೂ ಅಲ್ಲ. ಅಂದರೆ ಇದು ಬೇರೆಯೇ ಕಾಯಿಲೆ. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಲ್ಲಿ ನಡೆದ ಸಭೆಯಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು ಟೈಪ್ 5 ಎಂದು ಒಪ್ಪಿಕೊಂಡಿತು.

ನೀವು ಮಾಡಬೇಕಾದದ್ದು: ಮೈಯಲ್ಲಿ ಇನ್ಸುಲಿನ್ ಎಷ್ಟು ತಯಾರಾಗುತ್ತಿದೆ ಎಂದು ತಿಳಿಸುವ ಸಿ-ಪೆಪ್ಟೈಡ್ ಪರೀಕ್ಷೆ, ಟೈಪ್ 1 ಹೌದೋ ಅಲ್ಲವೋ ನೋಡುವ ಆಂಟಿಬಾಡಿ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್. ನಮ್ಮ ಕಡೆ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟಿಯೂ ಬಡಕಲು ಹುಡುಗರಿಗೆ ಸಕ್ಕರೆ ಬರುತ್ತದೆ, ಅದನ್ನು ತಳ್ಳಿಹಾಕಬೇಕು. ಅಲ್ಲಿಯವರೆಗೆ ಇನ್ಸುಲಿನ್ ಬಿಡಬೇಡಿ. ಒಂದಿನ ತಪ್ಪಿದರೆ ಏನೂ ಆಗದೇ ಇರಬಹುದು, ಆದರೆ ಅದನ್ನು ನೀವೇ ಪ್ರಯೋಗ ಮಾಡಿ ನೋಡುವುದು ಬೇಡ. ಟೈಪ್ 1 ಆಗಿದ್ದರೆ ಜೀವಕ್ಕೇ ಕುತ್ತು. ಮತ್ತೆ, ಸಕ್ಕರೆ ಕಾಯಿಲೆ ಅಂತ ಯಾರೋ ಕೊಟ್ಟ 'ಅನ್ನ ಬಿಡಿ, ಕಾಳು ಬಿಡಿ' ಚೀಟಿ ನಿಮಗಲ್ಲ. ಅದು ನನ್ನಂಥ ದಪ್ಪಗಿನವರಿಗೆ. ನಿಮ್ಮ ತೂಕ ಏರಬೇಕು. ರೊಟ್ಟಿ ಜೊತೆ ಕಾಳಿನ ಪಲ್ಯ, ಮೊಟ್ಟೆ, ಶೇಂಗಾ ಚಟ್ನಿ, ಮೊಸರು ಧಾರಾಳವಾಗಿ ಉಣ್ಣಿ.

ಪ್ರಶ್ನೆ: 41 ವರ್ಷ, 104 ಕೆಜಿ ಇದ್ದೆ. ವಾರಕ್ಕೊಂದು ತೂಕ ಇಳಿಸುವ ಇಂಜೆಕ್ಷನ್ ತಗೊಂಡು ಏಳು ತಿಂಗಳಲ್ಲಿ 19 ಕೆಜಿ ಇಳಿದಿದ್ದೇನೆ. ಸಕ್ಕರೆಯೂ ಹತೋಟಿಗೆ ಬಂದಿದೆ. ಆದರೆ ಅಕ್ಕಿ ಮೂಟೆ ಎತ್ತಲು ಹೋದರೆ ಕೈ ನಡುಗುತ್ತದೆ. ಮೂಳೆಯೂ ಕರಗುತ್ತದೆ ಎಂದು ಆಫೀಸಿನಲ್ಲಿ ಹೆದರಿಸುತ್ತಿದ್ದಾರೆ.
– ಬೆಂಗಳೂರು

ಉತ್ತರ: 19 ಕೆಜಿ ಇಳಿದರೆ ಅದರಲ್ಲಿ ಬರೀ ಕೊಬ್ಬೇ ಹೋಗಿರುವುದಿಲ್ಲ. ಮಾಂಸಖಂಡವೂ ಹೋಗಿರುತ್ತದೆ. ಮೂಳೆಗೆ ಭಾರವೇ ಕಸರತ್ತು. ಹೊರುವ ಭಾರ ಕಡಿಮೆಯಾದರೆ ಅದು 'ಇಷ್ಟು ಗಟ್ಟಿ ಯಾಕಿರಬೇಕು' ಎಂದು ಸಡಿಲ ಬಿಡುತ್ತದೆ.

ಡೆನ್ಮಾರ್ಕಿನಲ್ಲಿ 195 ಜನ ಬೊಜ್ಜಿನವರನ್ನು ಮೊದಲು ಎಂಟು ವಾರ ಪಥ್ಯದಲ್ಲಿಟ್ಟು, ಆಮೇಲೆ ಒಂದು ವರ್ಷ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ನಿಮ್ಮದೇ ಜಾತಿಯ ಹಳೇ ಔಷಧ ಲಿರಾಗ್ಲುಟೈಡ್, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಎರಡೂ, ಮತ್ತೊಂದಕ್ಕೆ ಯಾವುದೂ ಇಲ್ಲ. ಬರೀ ಔಷಧ ತಗೊಂಡವರ ಸೊಂಟ ಮತ್ತು ಬೆನ್ನಿನ ಮೂಳೆ ಸಾಂದ್ರತೆ ಇಳಿಯಿತು. ಔಷಧದ ಜೊತೆ ವ್ಯಾಯಾಮವನ್ನೂ ಮಾಡಿದವರು ಎಲ್ಲರಿಗಿಂತ ಜಾಸ್ತಿ ತೂಕ ಇಳಿಸಿದರು, ಆದರೂ ಮೂಳೆ ಉಳಿಯಿತು. 2024ರಲ್ಲಿ ಬಂದ ಈ ಫಲಿತಾಂಶವನ್ನು ಇಂಜೆಕ್ಷನ್ ಡಬ್ಬಿಯ ಮೇಲೇ ಅಚ್ಚು ಹಾಕಬೇಕು ಅನ್ನಿಸುತ್ತದೆ ನನಗೆ. ಅಕ್ಕಿ ಮೂಟೆ ಎತ್ತುವುದನ್ನು ಬಿಡಬೇಡಿ, ಐದು ಕೆಜಿಯಿಂದ ಶುರು ಮಾಡಿ. ಮೆಟ್ಟಿಲು ಹತ್ತಿ, ಬಸ್ಕಿ ಹೊಡೆಯಿರಿ. ಹಸಿವಿಲ್ಲ ಅಂತ ಎರಡು ಇಡ್ಲಿಗೆ ಮುಗಿಸಬೇಡಿ. ಕಾಳು, ಮೊಟ್ಟೆ, ಮೀನು, ಪನೀರು ಯಾವುದಾದರೂ ಪ್ರತಿ ಊಟದಲ್ಲಿ ಇರಲಿ.

ನಿಮಗೆ ಸಕ್ಕರೆ ಕಾಯಿಲೆಯೂ ಇದೆ ಎಂದಿದ್ದೀರಿ. ಒಂದು ವಿಚಿತ್ರ ಹೇಳುತ್ತೇನೆ. ಟೈಪ್ 2 ಇರುವವರ ಡೆಕ್ಸಾ ರಿಪೋರ್ಟ್ ಎಷ್ಟೋ ಸಲ ಬೇರೆಯವರದಕ್ಕಿಂತ ಚೆನ್ನಾಗಿಯೇ ಇರುತ್ತದೆ. ಆದರೂ ಮೂಳೆ ಮುರಿಯುವುದು ಇವರಿಗೇ ಜಾಸ್ತಿ. ಮೂಳೆಯೊಳಗಿನ ಕೊಲಾಜನ್ ನಾರುಗಳಿಗೆ ಸಕ್ಕರೆ ಅಂಟಿಕೊಂಡು ಅವು ಬಳುಕುವುದನ್ನು ಮರೆಯುವುದು ಒಂದು ಕಾರಣ. ಶೇಂಗಾ ಚಿಕ್ಕಿ ನೆನಪು ಮಾಡಿಕೊಳ್ಳಿ. ಗಟ್ಟಿಯೇನೋ ಹೌದು, ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಅದಕ್ಕೇ ಸಕ್ಕರೆ ಇರುವವರು ಡೆಕ್ಸಾ ಚೆನ್ನಾಗಿದೆ ಅಂತ ಮೈಮರೆಯುವ ಹಾಗಿಲ್ಲ.

ಪ್ರಶ್ನೆ: ಅಮ್ಮನಿಗೆ 74. ಟಿಎಸ್‌ಎಚ್ 6.8, ಟಿ4 ಸರಿಯಾಗಿದೆ. ಸುಸ್ತು ಅನ್ನುತ್ತಾರೆ. ಥೈರಾಯ್ಡ್ ಮಾತ್ರೆ ಶುರು ಮಾಡಿಸಲಾ?
– ಹುಬ್ಬಳ್ಳಿ

ಉತ್ತರ: ಈಗಲೇ ಬೇಡ. ಟಿ4 ಅಂದರೆ ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನು, ಟಿಎಸ್‌ಎಚ್ ಅಂದರೆ ಆ ಗ್ರಂಥಿಗೆ 'ಕೆಲಸ ಮಾಡು' ಎಂದು ಹೇಳುವ ಹಾರ್ಮೋನು. ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ತಾನೇ ಇಳಿದಿರುತ್ತದೆ. 65 ದಾಟಿದ, ಹೀಗೇ ಸ್ವಲ್ಪ ಏರಿದ ಟಿಎಸ್‌ಎಚ್ ಇದ್ದ 737 ಜನರ ಮೇಲೆ ಯುರೋಪಿನಲ್ಲಿ ನಡೆದ ಅಧ್ಯಯನ 2017ರಲ್ಲಿ ಬಂತು. ವರ್ಷ ಪೂರ್ತಿ ಮಾತ್ರೆ ತಗೊಂಡವರ ಸುಸ್ತಿಗೂ ಬರೀ ಸಕ್ಕರೆ ಗುಳಿಗೆಯಂಥದ್ದನ್ನು ತಗೊಂಡವರ ಸುಸ್ತಿಗೂ ವ್ಯತ್ಯಾಸವೇ ಕಾಣಲಿಲ್ಲ. ಟಿಎಸ್‌ಎಚ್ 10 ದಾಟಿದರೆ ಮಾತು ಬೇರೆ. ಅಮ್ಮನ ಸುಸ್ತಿಗೆ ಹಿಮೋಗ್ಲೋಬಿನ್, ಬಿ12, ನಿದ್ದೆ ಮೊದಲು ನೋಡಿ. ಬೇಡದ ಥೈರಾಯ್ಡ್ ಮಾತ್ರೆ ಜಾಸ್ತಿಯಾದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ನಿಜವಾಗಿ ಬೇಕಾದವರು ಮಾತ್ರ ಬಿಡಬಾರದು. ಕೂದಲಿಗೆ ಅಂತ ಬಯೋಟಿನ್ ನುಂಗುವವರು ಥೈರಾಯ್ಡ್ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ರಿಪೋರ್ಟ್ ಹಾದಿ ತಪ್ಪಿಸುತ್ತದೆ.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು. 'ಹಾಲು ಕೊಟ್ಟಷ್ಟೂ ನಿನ್ನ ಮೂಳೆ ಸವೆಯುತ್ತೆ, ಬೇಗ ಬಿಡಿಸು' ಅಂತಾರೆ ಅತ್ತೆ. ಸೊಂಟ ನೋವೂ ಇದೆ. ನಿಜವಾ?
– ಶಿರಸಿ

ಉತ್ತರ: ಅತ್ತೆಯ ಮಾತು ಅರ್ಧ ನಿಜ. ಹಾಲಿನ ಮೂಲಕ ದಿನಕ್ಕೆ 200ರಿಂದ 300 ಮಿಲಿಗ್ರಾಂ ಕ್ಯಾಲ್ಸಿಯಂ ಮಗುವಿಗೆ ಹೋಗುತ್ತದೆ. ತಾಯಿಯ ಮೂಳೆ ನಿಜವಾಗಿಯೂ ಸ್ವಲ್ಪ ಕರಗುತ್ತದೆ. ಆದರೆ ಹಾಲು ಬಿಡಿಸಿದ ಮೇಲೆ ಅದು ತಾನೇ ತುಂಬಿಕೊಳ್ಳುತ್ತದೆ. ಸಾಲ ತೆಗೆದು ತೀರಿಸಿದ ಹಾಗೆ.

ಇದರೊಳಗೆ ಒಂದು ಒಗಟಿತ್ತು. ಹಾಲೂಡುವಾಗ ಈಸ್ಟ್ರೋಜನ್ ಕಡಿಮೆ ಇರುತ್ತದೆ. ಮೇಲೆ ಹೇಳಿದೆನಲ್ಲ, ಮೇಸ್ತ್ರಿ ಇಲ್ಲದ ಮನೆ. ಹಾಗಿದ್ದರೆ ಮೂಳೆ ಪೂರಾ ಕುಸಿಯಬೇಕಿತ್ತು. ಕುಸಿಯುವುದಿಲ್ಲ. ಯಾಕೆ? ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಉತ್ತರದ ಒಂದು ತುದಿ ಹಿಡಿಯಿತು. ಹಾಲೂಡುವ ಇಲಿಗಳ ಮಿದುಳಿನಿಂದ ಸಿಸಿಎನ್3 ಎಂಬ ಹಾರ್ಮೋನು ಹೊರಟು ರಕ್ತದಲ್ಲಿ ಹರಿದು ಮೂಳೆ ಕಟ್ಟಿಸುತ್ತದೆ. ಅದನ್ನು ತಡೆದರೆ ತಾಯಿ ಇಲಿಯ ಮೂಳೆ ಸವೆಯುತ್ತದೆ, ಮರಿಗಳ ತೂಕವೂ ಇಳಿಯುತ್ತದೆ. ಇನ್ನೂ ಇಲಿಯ ಹಂತ, ಮನುಷ್ಯರಿಗೆ ಔಷಧ ಆಗಲು ದೂರ ಇದೆ. ಆದರೂ ಬಾಣಂತಿಯ ಮಿದುಳು ಅವಳ ಬೆನ್ನು ಕಾಯುತ್ತದೆ ಎನ್ನುವುದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು.

ಹಾಲು ಬಿಡಿಸಬೇಡಿ. ಕತ್ತಲೆ ಕೋಣೆಯಿಂದ ಹೊರಗೆ ಬನ್ನಿ. ಬಾಣಂತಿಗೆ ಹಾಲು ಮೊಸರು ತಂಪು ಎಂದು ತಡೆಯುತ್ತಿದ್ದರೆ ಅತ್ತೆಗೆ ಈ ಪುಟ ತೋರಿಸಿ. ಸೊಂಟ ನೋವು ಹೆಚ್ಚಾಗಿ ಮಗುವನ್ನು ಎತ್ತಿ, ಬಗ್ಗಿ ಕೂತು ಬರುವುದು. ಆದರೆ ಬೆನ್ನಿನಲ್ಲಿ ಒಮ್ಮೆಗೇ ಚುಚ್ಚಿದಂತೆ ನೋವು ಬಂದು ಏಳಲು ಕೂರಲು ಆಗದಂತಾದರೆ ತಡ ಮಾಡದೆ ತೋರಿಸಿ. ಅಪರೂಪಕ್ಕೆ ಈ ಸಮಯದಲ್ಲೂ ಬೆನ್ನುಮೂಳೆ ಕುಸಿಯುತ್ತದೆ.

ಪ್ರಶ್ನೆ: ನಮ್ಮ ತಾಲ್ಲೂಕಿನ ಹಂದಿಗೋಡು ಕಾಯಿಲೆ ಗದ್ದೆಯ ಏಡಿ ತಿಂದು ಬಂದದ್ದು ಎಂದು ಅಜ್ಜ ಹೇಳುತ್ತಾರೆ. ನಿಜವೇ?
– ಬಿಎಸ್ಸಿ ವಿದ್ಯಾರ್ಥಿನಿ, ಸಾಗರ

ಉತ್ತರ: ನಮ್ಮೂರ ಕಡೆಯ ಪ್ರಶ್ನೆ. ಅಜ್ಜ ಸುಳ್ಳು ಹೇಳುತ್ತಿಲ್ಲ, ಆ ಕಾಲದ ಗುಮಾನಿಯನ್ನು ಹೇಳುತ್ತಿದ್ದಾರೆ. 1970ರ ದಶಕದ ಮಧ್ಯದಲ್ಲಿ ಹಂದಿಗೋಡಿನಲ್ಲಿ ಈ ಕಾಯಿಲೆ ಮೊದಲು ಬೆಳಕಿಗೆ ಬಂತು. ಸೊಂಟದ ಕೀಲು, ಮೊಣಕಾಲು ನೋವು, ಕುಂಟು ನಡಿಗೆ, ಕೆಲವರಲ್ಲಿ ತೀರಾ ಗಿಡ್ಡ ಮೈಕಟ್ಟು. ಕೂಲಿ ಮಾಡುವ ಬಡವರು ಗದ್ದೆಯ ಏಡಿ ತಿನ್ನುತ್ತಿದ್ದರು, ಗದ್ದೆಗೆ ಕೀಟನಾಶಕ ಹೊಡೆಯುತ್ತಿದ್ದರು. ಎರಡನ್ನೂ ಜೋಡಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಮನೆಮನೆ ತಿರುಗಿ ವಂಶವೃಕ್ಷ ಬರೆದಾಗ ಚಿತ್ರ ಬದಲಾಯಿತು. ಒಂದೇ ಅನ್ನ, ಒಂದೇ ಏಡಿ ತಿಂದ ಪಕ್ಕದ ಮನೆಗೆ ಇಲ್ಲ, ಈ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಇದೆ. ಇದು ವಂಶದಲ್ಲಿ ಹರಿಯುವ ಮೂಳೆ ಬೆಳವಣಿಗೆಯ ದೋಷ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ.

ಚಿಕ್ಕವಳಿದ್ದಾಗ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಕೋಲೂರಿಕೊಂಡು ಬರುವವರನ್ನು ಕಂಡರೆ ಜನ ಸರಿದು ನಿಲ್ಲುತ್ತಿದ್ದರು. ಅಂಟುಜಾಡ್ಯ ಎಂಬ ಹೆದರಿಕೆ. ಇದು ಅಂಟುವುದಿಲ್ಲ. ಬಾಧೆ ಪಟ್ಟವರಲ್ಲಿ ಕೆಲವರಿಗೆ ಸೊಂಟದ ಕೀಲು ಬದಲಿಸುವ ಆಪರೇಷನ್ನಿನಿಂದ ನಡೆಯಲು ಅನುಕೂಲವಾಗುತ್ತದೆ. ಅಜ್ಜನನ್ನು ಕೂರಿಸಿಕೊಂಡು ಆ ಕಾಲದ ಕತೆ ಕೇಳಿ ಬರೆದಿಡಿ. ಅದೂ ಬೇಕು.

ಪ್ರಶ್ನೆ: ದಿನಾ ಎರಡು ಹೊತ್ತು ಮುದ್ದೆ ಉಣ್ಣುತ್ತೇನೆ. ಕ್ಯಾಲ್ಸಿಯಂ ಮಾತ್ರೆ ಬೇಕಾ?
– ಕುಣಿಗಲ್

ಉತ್ತರ: 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದೇ ತೂಕದ ಹಾಲಿನಲ್ಲಿ ಇರುವುದು 120ರ ಆಸುಪಾಸು. ನಿಮಗೆ ದಿನಕ್ಕೆ ಬೇಕಾದದ್ದು 1,000. ರಾಗಿಯದೆಲ್ಲ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿಸಿದರೆ ಸ್ವಲ್ಪ ಜಾಸ್ತಿ ಹತ್ತುತ್ತದೆ. ಮುದ್ದೆ ಜೊತೆ ಸೊಪ್ಪಿನ ಸಾರು, ಮೇಲೊಂದು ಲೋಟ ಮಜ್ಜಿಗೆ ಇದ್ದರೆ ಮಾತ್ರೆಯ ಗೊಡವೆ ಬೇಡ.

ಪ್ರಶ್ನೆ: ಎತ್ತರ ಕಡಿಮೆಯಾಗಿದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ?
– ನಿವೃತ್ತ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಬೆಳಗ್ಗೆ ಅಳೆಯಿರಿ, ಸಂಜೆಗೆ ಎಲ್ಲರೂ ಸ್ವಲ್ಪ ಗಿಡ್ಡ ಆಗಿರುತ್ತೇವೆ. ಚಪ್ಪಲಿ ಬಿಟ್ಟು, ತುರುಬು ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಂತು, ನೇರ ಎದುರಿಗೆ ನೋಡಿ. ಇನ್ನೊಬ್ಬರು ನೆತ್ತಿಯ ಮೇಲೆ ದಪ್ಪ ಪುಸ್ತಕ ಇಟ್ಟು ಅದರ ಅಡಿಗೆ ಗೆರೆ ಎಳೆಯಲಿ. ಹರೆಯದಲ್ಲಿ ಇದ್ದದ್ದಕ್ಕಿಂತ 4 ಸೆಂಟಿಮೀಟರಿಗೂ ಜಾಸ್ತಿ ಇಳಿದಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಿ. ಹಳೇ ಎತ್ತರ ಗೊತ್ತಿಲ್ಲದಿದ್ದರೆ ನಿಮ್ಮ ಸರ್ವಿಸ್ ರಿಜಿಸ್ಟರ್ ತೆಗೆದು ನೋಡಿ, ಕೆಲಸಕ್ಕೆ ಸೇರುವಾಗ ಅಳೆದು ಬರೆದಿರುತ್ತಾರೆ. ಗೆರೆಯ ಪಕ್ಕ ತಾರೀಕು ಹಾಕಿ, ಮುಂದಿನ ವರ್ಷ ಅದೇ ಗೋಡೆಗೆ ನಿಲ್ಲಿ. ನಡುವೆ ಸುಣ್ಣ ಬಳಿಸಿಬಿಡಬೇಡಿ.